ಆಟದಲ್ಲಿ ಆಡಿದ ಮಾತಿಗೆ ಯಾರು ಹೊಣೆ?

ಧರ್ಮಕೇಂದ್ರದ ನಾಟಕದಲ್ಲಿ ಯೂದನ ಪಾತ್ರ ವಹಿಸಿದವನು ಮುಂದಿನ ಭಾನುವಾರ ಪರಮಪ್ರಸಾದ ಸ್ವೀಕರಿಸಲು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅವನು ಮೂವತ್ತು ಬೆಳ್ಳಿ ನಾಣ್ಯ ಎಣಿಸಿದ್ದು ವೇದಿಕೆಯ ಮೇಲೆ; ಆಡಿದ ಮಾತು ಬೇರೆ ಯಾರೋ ಬರೆದುಕೊಟ್ಟದ್ದು. ಆದರೆ ಮಾತನ್ನು ಯಾರೂ ಬರೆದುಕೊಡದೆ ಇದ್ದರೆ? ಕಥೆ ಎತ್ತ ಸಾಗಬೇಕೆಂಬುದನ್ನೂ ಪಾತ್ರಧಾರಿಯೇ ನಿರ್ಧರಿಸುವುದಾದರೆ? ಆಗ ಆ ದ್ರೋಹ, ಆ ಸುಳ್ಳು, ಆ ಕ್ರೌರ್ಯದಲ್ಲಿ ಅವನ ಪಾಲೆಷ್ಟು?

ಈ ಪ್ರಶ್ನೆಯನ್ನು ಎತ್ತುವ ಒಂದು ಬಗೆಯ ಆಟವಿದೆ. ಇಂಗ್ಲಿಷಿನಲ್ಲಿ ಅದನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಪಾತ್ರ ವಹಿಸುವ ಆಟ ಎನ್ನೋಣ. ಮೂರು, ನಾಲ್ಕು ಅಥವಾ ಐದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ವೇಷವಿಲ್ಲ, ವೇದಿಕೆಯಿಲ್ಲ, ನೋಡುವವರಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಪಾತ್ರ. ಆ ಪಾತ್ರ ಏನು ಹೇಳುತ್ತದೆ, ಏನು ಮಾಡುತ್ತದೆ ಎಂಬುದನ್ನು ಅವರೇ ಹೇಳುತ್ತಾ ಹೋಗುತ್ತಾರೆ. ಕೆಲವು ಆಟಗಳಲ್ಲಿ ಸಂದೇಹ ಬಂದ ಕಡೆ ದಾಳ ಹಾಕುತ್ತಾರೆ. ಸಾಮಾನ್ಯವಾಗಿ ಇದರಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಆಟ ಮುಗಿದಾಗ ಉಳಿಯುವುದು ಎಲ್ಲರೂ ಸೇರಿ ಕಟ್ಟಿದ ಒಂದು ಕಥೆ ಮಾತ್ರ. ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಪಾತ್ರದ ಮಾತನ್ನು ಆ ಕ್ಷಣಕ್ಕೆ ತಾವೇ ಹೊಸೆಯುತ್ತಾರೆ. ಆದರೆ ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಕೊನೆಯೂ ಆಡುವವರ ಕೈಯಲ್ಲಿದೆ.

ಈ ಬಗೆಯ ಆಟಗಳಲ್ಲಿ ಮೊದಲು ಮಾರಾಟಕ್ಕೆ ಬಂದದ್ದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 1980ರ ದಶಕದಲ್ಲಿ ಅಲ್ಲಿನ ಅನೇಕ ಕ್ರೈಸ್ತ ತಂದೆತಾಯಂದಿರು ಇದಕ್ಕೆ ಹೆದರಿದರು. ಮಾಟಮಂತ್ರ, ಸೈತಾನನ ಆರಾಧನೆ, ಆತ್ಮಹತ್ಯೆಗಳಿಗೆ ಇದೇ ದಾರಿ ಎಂಬ ಕೂಗೆದ್ದಿತು. ಆ ಆರೋಪಗಳಿಗೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಮಕ್ಕಳು ಡ್ರ್ಯಾಗನ್‌ಗಳನ್ನು ಕೊಂದು ಮನೆಗೆ ಹೋಗಿ ಊಟಮಾಡಿ ಮಲಗುತ್ತಿದ್ದರು.

ನಿಜವಾಗಿ ಯೋಚಿಸಬೇಕಾದ ಪ್ರಶ್ನೆಯನ್ನು ಮುಂದಿಟ್ಟವು ಆಮೇಲೆ ಬಂದ ಸಣ್ಣ ಆಟಗಳು. ದೊಡ್ಡ ಕಂಪನಿಗಳ ಹಂಗಿಲ್ಲದೆ, ಒಬ್ಬಿಬ್ಬರೇ ಬರೆದು ತಾವೇ ಪ್ರಕಟಿಸಿದ ಪುಸ್ತಕಗಳಿವು. ಅಮೆರಿಕದ ಜೇಸನ್ ಮಾರ್ನಿಂಗ್‌ಸ್ಟಾರ್ ಅವರ 'ಫಿಯಾಸ್ಕೋ' (2009) ದುರಾಸೆಗೆ ಬಿದ್ದು ತಮ್ಮ ಬಾಳನ್ನು ತಾವೇ ಹಾಳುಮಾಡಿಕೊಳ್ಳುವ ಸಾಮಾನ್ಯ ಜನರ ಆಟ. ಅವರದೇ 'ಗ್ರೇ ರ್‍ಯಾಂಕ್ಸ್' (2007) ಆಟದಲ್ಲಿ ಆಡುವವರು 1944ರ ವಾರ್ಸಾ ದಂಗೆಯಲ್ಲಿ ನಾಜಿಗಳ ವಿರುದ್ಧ ನಿಂತ ಹದಿಹರೆಯದವರಾಗುತ್ತಾರೆ. ಆ ದಂಗೆ 63 ದಿನ ನಡೆದು ಸೋತಿತೆಂದು ಆಡುವ ಮುಂಚೆಯೇ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಕೊಲ್ಲಲು ಡ್ರ್ಯಾಗನ್ ಇಲ್ಲ. ಇರುವುದು ಮನುಷ್ಯನ ಆತ್ಮಸಾಕ್ಷಿ.

ಕಥೋಲಿಕರಾದ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಬೇಕಾದ ಆಟ ಇನ್ನೊಂದಿದೆ. ಡೆನ್ಮಾರ್ಕಿನ ಫ್ರೆಡೆರಿಕ್ ಯೆನ್ಸನ್ ಬರೆದ ಅದರ ಹೆಸರು 'ಮೊನ್‌ಸೆಗೂರ್ 1244'.

ಬೆಟ್ಟದ ಮೇಲಿನ ಕೋಟೆ

ಫ್ರಾನ್ಸಿನ ದಕ್ಷಿಣದಲ್ಲಿ, ಪಿರನೀಸ್ ಪರ್ವತಗಳ ತಪ್ಪಲಿನಲ್ಲಿ ಮೊನ್‌ಸೆಗೂರ್ ಎಂಬ ಕೋಟೆ ಇತ್ತು. ಅಲ್ಲಿ ಆಶ್ರಯ ಪಡೆದಿದ್ದವರು ಕಾಥಾರರು. ಕಣ್ಣಿಗೆ ಕಾಣುವ ಈ ಲೋಕವೇ ಕೆಟ್ಟದ್ದು, ಅದು ಒಳ್ಳೆಯ ದೇವರ ಸೃಷ್ಟಿಯಲ್ಲ ಎಂದು ಅವರು ನಂಬಿದ್ದರು. ವಿವಾಹವನ್ನೂ ಧರ್ಮಸಭೆಯ ಸಂಸ್ಕಾರಗಳನ್ನೂ ತಿರಸ್ಕರಿಸಿದ್ದರು. ಅವರ ಬೋಧನೆ ತಪ್ಪೆಂದು ಧರ್ಮಸಭೆ ಅಂದೂ ಹೇಳಿತು, ಇಂದೂ ಹೇಳುತ್ತದೆ. 1242ರ ಮೇ ತಿಂಗಳಲ್ಲಿ ಈ ಕೋಟೆಯಿಂದ ಇಳಿದು ಬಂದ ಕೆಲವರು ಅವಿನ್ಯೋನೆ ಎಂಬ ಊರಿನಲ್ಲಿ ಧರ್ಮವಿಚಾರಣೆಗೆ ಬಂದಿದ್ದ ಗುರುಗಳನ್ನೂ ಅವರ ಜೊತೆಗಾರರನ್ನೂ ರಾತ್ರಿ ವೇಳೆ ಕೊಂದರು. ಮರುವರ್ಷ ಸೈನ್ಯ ಕೋಟೆಯನ್ನು ಮುತ್ತಿತು. ಹತ್ತು ತಿಂಗಳ ನಂತರ, 1244ರ ಮಾರ್ಚಿನಲ್ಲಿ, ಕೋಟೆ ಶರಣಾಯಿತು.

ನಂಬಿಕೆಯನ್ನು ತೊರೆದವರಿಗೆ ಜೀವದಾನವಿತ್ತು. ಯೋಚಿಸಲು ಎರಡು ವಾರ ಗಡುವೂ ಸಿಕ್ಕಿತು. ಆ ದಿನಗಳಲ್ಲಿ, ಸುರಕ್ಷಿತವಾಗಿ ಇಳಿದು ಹೋಗಬಹುದಾಗಿದ್ದ ಸುಮಾರು ಇಪ್ಪತ್ತು ಜನ, ಸಾವು ಖಚಿತವೆಂದು ತಿಳಿದೇ, ಕಾಥಾರರ ದೀಕ್ಷೆ ಪಡೆದರು. ಮಾರ್ಚ್ 16ರಂದು ಇನ್ನೂರಕ್ಕೂ ಹೆಚ್ಚು ಜನರನ್ನು ಬೆಟ್ಟದ ಬುಡದಲ್ಲಿ ಜೀವಂತ ಸುಟ್ಟರು. ಕೋಟೆಯ ಒಡೆಯ ರೇಮಂಡ್ ಬದುಕಿ ಉಳಿದು ವಿಚಾರಣಾಧಿಕಾರಿಗಳ ಮುಂದೆ ಹೇಳಿಕೆ ಕೊಟ್ಟ. ಅವನ ಹೆಂಡತಿ ಕೋರ್ಬಾ, ಮಗಳು ಎಸ್ಕ್ಲಾರ್ಮೊಂಡ್, ಅತ್ತೆ ಮಾರ್ಕೇಸಿಯಾ ಬೆಂಕಿಗೆ ಹೋದರು. ಒಂದೇ ಮನೆಯ ಮೂರು ತಲೆಮಾರಿನ ಹೆಂಗಸರು.

ಆಟ ಆಡುವವರು ಈ ಕೋಟೆಯೊಳಗಿನ ಜನರಾಗುತ್ತಾರೆ. ಮುತ್ತಿಗೆಯ ತಿಂಗಳುಗಳ ಹಸಿವು, ಪ್ರೀತಿ, ಜಗಳ, ಪ್ರಾರ್ಥನೆಗಳನ್ನು ಒಂದೊಂದು ದೃಶ್ಯವಾಗಿ ಕಟ್ಟುತ್ತಾರೆ. ಕೊನೆಯಲ್ಲಿ ಪ್ರತಿಯೊಬ್ಬರೂ ಉತ್ತರಿಸಬೇಕಾದ ಪ್ರಶ್ನೆ ಇದು: ನಿನ್ನ ಪಾತ್ರ ನಂಬಿಕೆಯನ್ನು ತೊರೆಯುತ್ತದೆಯೇ, ಇಲ್ಲ ಬೆಂಕಿಗೆ ನಡೆಯುತ್ತದೆಯೇ?

ಈಗ ನಮ್ಮ ಪ್ರಶ್ನೆಗೆ ಬರೋಣ. ಒಬ್ಬ ಕಥೋಲಿಕ ಯುವಕ ಆ ಮೇಜಿನ ಮುಂದೆ ಕುಳಿತು, ಎರಡು ಗಂಟೆ ಕಾಲ ಪಾಷಂಡಿಯೊಬ್ಬನ ಬಾಯಾಗಿ ಮಾತನಾಡುವುದು ಸರಿಯೇ?

ಆಟಕ್ಕೂ ಒಂದು ಸದ್ಗುಣವಿದೆ

ಅದೇ ಹದಿಮೂರನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಆಟವನ್ನು ಹೀನವೆಂದು ಎಣಿಸಲಿಲ್ಲ. ಎಳೆದೇ ಇಟ್ಟ ಬಿಲ್ಲು ಮುರಿಯುವಂತೆ, ಬಿಡುವಿಲ್ಲದ ಮನಸ್ಸೂ ಮುರಿಯುತ್ತದೆ ಎಂಬ, ಸಂತ ಯೊವಾನ್ನರ ಬಗೆಗಿನ ಹಳೆಯ ಕಥೆಯನ್ನು ಅವರು ನೆನೆಯುತ್ತಾರೆ. ಆಟದಲ್ಲಿ ಹದವರಿತು ನಡೆಯುವುದೇ ಒಂದು ಸದ್ಗುಣ ಎನ್ನುತ್ತಾರೆ. ಅವರ ಷರತ್ತುಗಳು ಸರಳ: ಮಾತಿನಲ್ಲಾಗಲಿ ಕೃತಿಯಲ್ಲಾಗಲಿ ಅಸಭ್ಯತೆ, ನೋವುಂಟುಮಾಡುವಿಕೆ ಇರಬಾರದು, ಮನಸ್ಸು ಸ್ಥಿಮಿತ ಕಳೆದುಕೊಳ್ಳಬಾರದು, ಕಾಲ, ಸ್ಥಳ, ಆಡುವವರಿಗೆ ಆಟ ತಕ್ಕುದಾಗಿರಬೇಕು.

ಪಾತ್ರ ವಹಿಸುವುದು ಸುಳ್ಳಲ್ಲ. ಮೇಜಿನ ಸುತ್ತ ಕುಳಿತ ಎಲ್ಲರಿಗೂ ಅದು ಆಟವೆಂದು ಗೊತ್ತಿರುವುದರಿಂದ ಅಲ್ಲಿ ಯಾರೂ ಮೋಸಹೋಗುವುದಿಲ್ಲ. ಅದು ನಮಗೆ ಹೊಸತೂ ಅಲ್ಲ. ಗರಿಗಳ ಭಾನುವಾರ ಮತ್ತು ಶುಭ ಶುಕ್ರವಾರದಂದು ಪ್ರಭುವಿನ ಪಾಡುಗಳ ವಾಚನವಾಗುವಾಗ ಜನಜಂಗುಳಿಯ ಮಾತು ಯಾರ ಪಾಲಿಗೆ ಬರುತ್ತದೆ? ನಮ್ಮ ಪಾಲಿಗೆ. ಬರಬ್ಬನನ್ನು ಕೇಳುವವರು ನಾವು, ಯೇಸುವನ್ನು ಶಿಲುಬೆಗೇರಿಸೆಂದು ಕೂಗುವವರು ನಾವು. ಆ ಮಾತನ್ನು ಒಪ್ಪಿಕೊಳ್ಳಲಿ ಎಂದು ಧರ್ಮಸಭೆ ಅದನ್ನು ನಮ್ಮ ಬಾಯಲ್ಲಿ ಹಾಕುವುದಿಲ್ಲ. ಆ ಗುಂಪಿನಲ್ಲಿ ನಮಗೂ ಒಂದು ಜಾಗ ಇತ್ತೆಂದು ತಿಳಿಯಲಿ ಎಂದು ಹಾಕುತ್ತದೆ. ದಾವೀದ ಅರಸನ ಕಥೆಯೂ ಇದೇ ಅಲ್ಲವೇ? ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆಯನ್ನು ಪ್ರವಾದಿ ನಾತಾನ ಹೇಳಿದ. ಅರಸ ಸಿಟ್ಟಿನಿಂದ ತೀರ್ಪು ಕೊಟ್ಟ. ತೀರ್ಪು ಕೊಟ್ಟ ಮೇಲೆಯೇ ಆ ಶ್ರೀಮಂತ ತಾನೆಂದು ಅವನಿಗೆ ತಿಳಿದದ್ದು. ನೇರವಾಗಿ ಹೇಳಿದ್ದರೆ ಕಿವಿಗೆ ಬೀಳದ ಸತ್ಯ ಕಥೆಯ ಹಿಂಬಾಗಿಲಿನಿಂದ ಒಳಗೆ ಬಂದಿತು.

ಆದ್ದರಿಂದ ಅರಿಯುವುದು ಬೇರೆ, ಒಪ್ಪುವುದು ಬೇರೆ. ಪಾತ್ರ ಮಾಡಿದ ಪಾಪಕ್ಕೆ ಪಾತ್ರಧಾರಿ ಹೊಣೆಯಲ್ಲ.

ಹಾಗಾದರೆ ಅವನು ಯಾವುದಕ್ಕೂ ಹೊಣೆಯಲ್ಲವೇ? ಹಾಗಲ್ಲ. ಎರಡಕ್ಕೆ ಅವನು ಖಂಡಿತ ಹೊಣೆ. ಒಂದು, ತನ್ನ ಹೃದಯಕ್ಕೆ. ಪಾಪ ಹೃದಯದಲ್ಲೇ ಮೊಳೆಯುತ್ತದೆಂದು ಪ್ರಭು ಎಚ್ಚರಿಸಿದ್ದಾರೆ. ಕ್ರೂರಿಯ ಪಾತ್ರದಲ್ಲಿ ಕುಳಿತು ಆ ಕ್ರೌರ್ಯ ಎಲ್ಲಿಂದ ಹುಟ್ಟಿತೆಂದು ನೋಡುವುದು ಒಂದು. ಆ ಕ್ರೌರ್ಯವನ್ನು ಬಾಯಿ ಚಪ್ಪರಿಸಿ ಸವಿಯುವುದು ಇನ್ನೊಂದು. ಹೊರಗಿನವರಿಗೆ ಎರಡೂ ಒಂದೇ ಥರ ಕಾಣಬಹುದು. ಒಳಗೆ ಕುಳಿತವನಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯದು, ಪಕ್ಕದಲ್ಲಿ ಕುಳಿತವರಿಗೆ. ಕತ್ತಿ ಕಾಗದದ್ದಾದರೂ ಗಾಯ ನಿಜವಾಗಿರಬಲ್ಲದು. ಗೆಳೆಯನ ಮೇಲಿನ ಹಳೆಯ ಸಿಟ್ಟನ್ನು ಆಟದ ನೆಪದಲ್ಲಿ ತೀರಿಸಿಕೊಂಡು, "ಹೇಳಿದ್ದು ನಾನಲ್ಲ, ನನ್ನ ಪಾತ್ರ" ಎನ್ನುವವನು ಆಟವನ್ನೂ ಗೆಳೆತನವನ್ನೂ ಕೆಡಿಸುತ್ತಾನೆ. ಈ ಸಣ್ಣ ಆಟಗಳನ್ನು ಆಡುವವರು ಇದನ್ನು ಅನುಭವದಿಂದ ಕಲಿತಿದ್ದಾರೆ. ಯಾವ ವಿಷಯವನ್ನು ಕಥೆಯೊಳಗೆ ತರಬಾರದೆಂದು ಅನೇಕ ಗುಂಪುಗಳು ಮೊದಲೇ ಮಾತನಾಡಿಕೊಳ್ಳುತ್ತವೆ. 2013ರಲ್ಲಿ ಜಾನ್ ಸ್ಟಾವ್ರೋಪೌಲೋಸ್ ಎಂಬವರು ಒಂದು ಸರಳ ಉಪಾಯ ಸೂಚಿಸಿದರು. ಮೇಜಿನ ನಡುವೆ ಎಕ್ಸ್ ಗುರುತಿನ ಒಂದು ಕಾರ್ಡು. ಕಥೆಯಲ್ಲಿ ಬಂದ ಯಾವುದಾದರೂ ವಿಷಯ ಸಹಿಸಲಾಗದಿದ್ದರೆ ಯಾರು ಬೇಕಾದರೂ ಅದನ್ನು ಮುಟ್ಟಬಹುದು. ಮುಟ್ಟಿದೊಡನೆ ಆ ವಿಷಯವನ್ನು ಕೈಬಿಡುತ್ತಾರೆ. ಮುಟ್ಟಿದವರು ಕಾರಣ ಹೇಳಬೇಕಾಗಿಲ್ಲ. ತಾಯಿಯನ್ನು ಇತ್ತೀಚೆಗೆ ಕಳೆದುಕೊಂಡವನ ಮುಂದೆ ತಾಯಿಯ ಸಾವಿನ ದೃಶ್ಯ ಬಂದಾಗ ಅವನು ಎಲ್ಲರೆದುರು ಅಳಬೇಕಾಗಿಲ್ಲ, ಬೆರಳಿಟ್ಟರೆ ಸಾಕು. ವಿಗ್ರಹಕ್ಕೆ ಅರ್ಪಿಸಿದ ಮಾಂಸದ ವಿಷಯದಲ್ಲಿ ಸಂತ ಪೌಲರು ಕೊರಿಂಥದವರಿಗೆ ಹೇಳಿದ್ದೂ ಇದೇ ಬಗೆಯದು. ತಿನ್ನುವ ಹಕ್ಕು ನನಗಿರಬಹುದು. ಆದರೆ ನನ್ನ ಹಕ್ಕಿನಿಂದ ಸಹೋದರ ಎಡವುವುದಾದರೆ ಆ ಹಕ್ಕನ್ನು ಬಿಟ್ಟುಕೊಡುವುದೇ ಪ್ರೀತಿ.

ನ್ಯಾಯಾಧೀಶನ ಪೀಠ ಸುಲಭ

ಮತ್ತೆ ಮೊನ್‌ಸೆಗೂರಿಗೆ ಬರೋಣ. ಆಟದ ಬಗ್ಗೆ ಅಷ್ಟು ಹದವಾಗಿ ಬರೆದ ಸಂತ ಥಾಮಸರೇ, ಅದೇ ಗ್ರಂಥದಲ್ಲಿ, ಹಠ ಬಿಡದ ಪಾಷಂಡಿಗಳನ್ನು ಮರಣದಂಡನೆಗಾಗಿ ರಾಜ್ಯಾಧಿಕಾರಕ್ಕೆ ಒಪ್ಪಿಸಬಹುದೆಂದು ಬರೆದರು. ಸಂತನ ಬುದ್ಧಿಗೂ ತನ್ನ ಕಾಲದ ಬೇಲಿ ಇರುತ್ತದೆ. ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಸಾರಿದ್ದು 1965ರಲ್ಲಿ. ಸತ್ಯದ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ನಡೆಸಿದ ಹಿಂಸೆಗಾಗಿ ಜಗದ್ಗುರು ಎರಡನೇ ಜಾನ್ ಪೌಲರು ದೇವರಲ್ಲಿ ಕ್ಷಮೆ ಬೇಡಿದ್ದು 2000ದ ಮಾರ್ಚ್ 12ರಂದು.

ಅಲ್ಲಿಗೆ ಮುಟ್ಟಲು ಅಷ್ಟು ಶತಮಾನ ಬೇಕಾಯಿತೇಕೆ? ತೀರ್ಪು ಕೊಡುವವನ ಪೀಠದಿಂದ ತಪ್ಪು ಮಾತ್ರ ಕಾಣುತ್ತದೆ. ತಪ್ಪು ಮಾಡಿದವನ ಮುಖ ಕಾಣುವುದಿಲ್ಲ. ಕೋರ್ಬಾಳ ಜಾಗದಲ್ಲಿ ಒಂದು ಸಂಜೆ ಕುಳಿತವನು ಕಾಥಾರರ ಬೋಧನೆಯನ್ನು ಒಪ್ಪಬೇಕಾಗಿಲ್ಲ. ಆದರೆ ಅವಳನ್ನು ಬರೀ 'ಪಾಷಂಡಿ' ಎಂಬ ಒಂದು ಪದದಲ್ಲಿ ಮುಗಿಸಿಬಿಡುವುದು ಅವನಿಗೆ ಇನ್ನು ಕಷ್ಟ. ರೇಮಂಡನ ಜಾಗದಲ್ಲಿ ಕುಳಿತವನು ಹೆಂಡತಿ ಮಕ್ಕಳು ಒಂದು ಕಡೆ, ತಾನೊಂದು ಕಡೆ ಆದ ಮನೆಯ ನೋವನ್ನು ಸ್ವಲ್ಪವಾದರೂ ಅರಿಯುತ್ತಾನೆ.

ಈ ನೋವು ದೂರದ್ದಲ್ಲ. ಅನ್ಯಧರ್ಮದವರನ್ನು ಮದುವೆಯಾದ ಮಗಳು, ಬೇರೆ ಸಭೆಗೆ ಸೇರಿದ ತಮ್ಮ, ಪೂಜೆಗೆ ಬರುವುದನ್ನೇ ಬಿಟ್ಟ ಮಗ ನಮ್ಮ ಎಷ್ಟು ಕುಟುಂಬಗಳಲ್ಲಿ ಇಲ್ಲ? ನಾವು ಯಾರನ್ನೂ ಸುಡುವುದಿಲ್ಲ ನಿಜ. ಆದರೆ ಕರೆ ಬಂದರೆ ಫೋನ್ ಎತ್ತದೆ, ಹಬ್ಬಕ್ಕೆ ಕರೆಯದೆ, ಹೆಸರೆತ್ತದೆ ಅವರನ್ನು ಮನೆಯ ಲೆಕ್ಕದಿಂದ ಹೊರಗಿಡಬಲ್ಲೆವು. ಅವರು ನಡೆದ ದಾರಿ ತಪ್ಪೆಂದು ನಂಬುತ್ತಲೇ, ಅವರು ಅದನ್ನು ಯಾಕೆ ಹಿಡಿದರೆಂದು ಕೇಳುವ ಸಹನೆ ನಮಗಿದೆಯೇ? ಕೇಳಿದಾಗ ಉತ್ತರ ಪೂರ್ತಿಯಾಗುವ ತನಕ ಬಾಯಿ ಮುಚ್ಚಿರುತ್ತೇವೆಯೇ?

ಆಟಕ್ಕೂ ಮಿತಿಯಿದೆ ಎಂಬುದನ್ನು ಮರೆಯಬಾರದು. ಮೇಜಿನ ಮೇಲೆ ಬೆಂಕಿಗೆ ಹೋದವನು ಹತ್ತು ಗಂಟೆಗೆ ಮನೆಗೆ ಹೋಗಿ ಬಿಸಿ ಊಟ ಮಾಡುತ್ತಾನೆ. ಸುಟ್ಟುಹೋದವರ ಸಂಕಟ ತನಗೆ ಗೊತ್ತಾಯಿತೆಂದು ಅವನು ಬೀಗಿದರೆ ಅದು ಸತ್ತವರಿಗೆ ಮಾಡಿದ ಅವಮಾನ. ಕೋರ್ಬಾಳ ಮಾತನ್ನು ಸೊಗಸಾಗಿ ಆಡಿ, ಮನೆಗೆ ಬಂದು ಸ್ವಂತ ತಂಗಿಯ ಮಾತಿಗೆ ಕಿವಿಗೊಡದಿದ್ದರೆ ಆ ಎರಡು ಗಂಟೆ ವ್ಯರ್ಥ. ಆಟ ಅಭ್ಯಾಸ ಮಾತ್ರ, ಪರೀಕ್ಷೆ ಮನೆಯಲ್ಲಿದೆ.

ಆದ್ದರಿಂದ ತಂದೆತಾಯಂದಿರಿಗೆ ಒಂದು ಮಾತು. ಮಕ್ಕಳು ಇಂಥ ಆಟ ಆಡುತ್ತಾರೆಂದು ತಿಳಿದಾಗ ದಾಳಗಳನ್ನು ಕಸಕ್ಕೆ ಎಸೆಯಬೇಡಿ; "ಏನೋ ಮಕ್ಕಳಾಟ" ಎಂದು ಸುಮ್ಮನಾಗಲೂ ಬೇಡಿ. ಹತ್ತಿರ ಕುಳಿತು ಕೇಳಿ: ಇವತ್ತು ನೀನು ಯಾರಾಗಿದ್ದೆ? ಅವನು ಯಾಕೆ ಹಾಗೆ ಮಾಡಿದ? ನಿನ್ನ ಜೊತೆ ಆಡಿದವರಲ್ಲಿ ಯಾರಿಗಾದರೂ ಬೇಸರವಾಯಿತೇ? ಈ ಮೂರನೆಯ ಪ್ರಶ್ನೆಗೆ ಮಗು ಯೋಚಿಸಿ ಉತ್ತರ ಕೊಟ್ಟರೆ ಆಟ ಒಳ್ಳೆಯದೇ ಆಗಿತ್ತೆಂದು ತಿಳಿಯಿರಿ. ಅಷ್ಟು ಹೊತ್ತಿಗೆ, ಬಹಳ ದಿನಗಳಿಂದ ಮಾತು ಬಿಟ್ಟಿರುವ ಯಾರಾದರೂ ನಿಮಗೆ ನೆನಪಾದರೆ, ಆ ಫೋನ್ ಕರೆಯನ್ನು ನಾಳೆಗೆ ಮುಂದೂಡಬೇಡಿ.