ರಜೆ ಯಾರಿಗೆ?

ಗಂಡಹೆಂಡಿರು ಊರು ಬಿಟ್ಟು ನಾಲ್ಕು ದಿನ ತಿರುಗಾಡಿ ಬಂದರೆ ಅವರ ಪ್ರೀತಿ ಹೆಚ್ಚುತ್ತದೆಯೇ? ಹೆಚ್ಚುತ್ತದೆಂದು ಎಲ್ಲರೂ ಹೇಳುತ್ತಾರೆ. ಅಷ್ಟು ಸುಲಭವಾಗಿ ಒಪ್ಪಲು ನನಗೆ ಮನಸ್ಸು ಬಾರದು.

ನಾನಿರುವ ಯಲಹಂಕದಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆಯಿದೆ, 1984ರಿಂದ ನಡೆಯುತ್ತಿದೆ. ರೈಲ್ವೆ ನೌಕರನಿಗೆ ಸಿಗುವ ಪಾಸು ಅವನ ಹೆಂಡತಿಗೂ ಸಲ್ಲುತ್ತದೆ. ಕೇಂದ್ರದ ಇತರ ನೌಕರರಿಗೆ ಎಲ್.ಟಿ.ಸಿ. ಉಂಟು: ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಸಂಸಾರಸಮೇತ ಹೋಗಿಬರಬಹುದು. ಪ್ರಯಾಣದ ಖರ್ಚಿನಲ್ಲಿ ಮನೆಯಾಕೆಯನ್ನು ಸರ್ಕಾರ ಮರೆತಿಲ್ಲ. ಆದರೆ ರಜೆ? ಅದು ಮಂಜೂರಾಗುವುದು ನೌಕರನಿಗೆ. ಒಲೆಯ ಮುಂದೆ ದುಡಿಯುವವಳಿಗೆ ರಜೆ ಕೊಡುವ ಮೇಲಧಿಕಾರಿ ಯಾರು? (ಆಕೆಯೂ ಕಚೇರಿಗೆ ಹೋಗುವವಳಾದರೆ ಒಂದು ರಜೆ ಸಿಕ್ಕೀತು, ಇನ್ನೊಂದು ಸಿಗದು.)

ಹೊರಡುವ ಹಿಂದಿನ ದಿನವನ್ನು ನೋಡಿ. ದಾರಿಗೆ ಚಪಾತಿ, ಚಟ್ನಿಪುಡಿ, ಮಗುವಿನ ಔಷಧಿ, ಅತ್ತೆಯವರ ಮಾತ್ರೆ, ಹಾಲಿನವನಿಗೆ ನಾಲ್ಕು ದಿನ ಬೇಡವೆಂದು ಹೇಳುವುದು, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವುದು—ಆಕೆಯ ಪ್ರವಾಸ ಇಲ್ಲಿಂದಲೇ ಆರಂಭ. ಯಜಮಾನರ ಪಾಲಿನ ಕೆಲಸವೆಂದರೆ ಮೊಬೈಲಿನಲ್ಲಿ ಟಿಕೆಟ್ ಇದೆಯೇ ಎಂದು ಮೂರು ಸಲ ನೋಡಿಕೊಳ್ಳುವುದು.

ಆದರೂ ಪ್ರವಾಸದ ಪರವಾಗಿ ಒಂದು ಮಾತು ಹೇಳಲೇಬೇಕು. ಯಶವಂತಪುರದಿಂದ ಮಂಗಳೂರಿಗೆ ಹೋಗುವ ಹಗಲು ರೈಲಿನಲ್ಲಿ ಒಮ್ಮೆ ಕುಳಿತಿದ್ದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಘಟ್ಟದಲ್ಲಿ 57 ಸುರಂಗಗಳು. ಅಲ್ಲಿ ಮೊಬೈಲಿನ ಆಟ ನಡೆಯದು. ಎದುರಿಗೆ ಕುಳಿತಿದ್ದ ನಡುವಯಸ್ಸಿನ ಗೃಹಸ್ಥರು—ಹೆಬ್ಬಾಳದವರೆಂದು ಮಾತಿನ ನಡುವೆ ತಿಳಿದಿತ್ತು—ಬೇಸತ್ತು ಅದನ್ನು ಜೇಬಿಗಿಳಿಸಿ, ಹೆಂಡತಿಯ ಕಡೆ ತಿರುಗಿದರು.

"ಕಾಲು ನೋಯ್ತಿದೆಯೇನೇ?"

"ಎರಡು ವರ್ಷದಿಂದ ನೋಯ್ತಾ ಇದೆಯಲ್ಲಾರೀ" ಎಂದರು ಆಕೆ. ದನಿಯಲ್ಲಿ ದೂರಿರಲಿಲ್ಲ, ಕೇಳಿದ್ದಕ್ಕೆ ಉತ್ತರ, ಅಷ್ಟೆ.

ಆ ಎರಡು ವರ್ಷದ ಲೆಕ್ಕ ನನ್ನನ್ನು ಬಿಡದು. ನೋಯುವ ಕಾಲು ಮನೆಯಲ್ಲೂ ಇತ್ತು, ದಿನಕ್ಕೆ ಹತ್ತು ಸಲ ಅವರ ಎದುರಿಗೇ ಓಡಾಡುತ್ತಿತ್ತು. ಹೆಬ್ಬಾಳದ ಮೇಲುಸೇತುವೆಯ ವಾಹನಗಳ ಸಾಲಿನಲ್ಲಿ ಸಿಕ್ಕಿ, ಕತ್ತಲಾದ ಮೇಲೆ ಮನೆ ಸೇರುವವರಿಗೆ ತಟ್ಟೆ ಕಾಣುತ್ತದೆ, ಬಡಿಸುವ ಕೈಯೂ ಕಾಣಬಹುದು. ಕಾಲಿನವರೆಗೆ ದೃಷ್ಟಿ ಇಳಿಯುವುದಿಲ್ಲ. ಪ್ರವಾಸದಿಂದ ಆತನಿಗೆ ದೊರೆತದ್ದು ಒಂದಿಷ್ಟು ಬಿಡುವು. ಅದೇನೂ ಸಣ್ಣದಲ್ಲ. ಆದರೆ ಬಿಡುವಿದ್ದಾಗ ಮಾತ್ರ ತೆರೆಯುವ ಕಣ್ಣನ್ನು ಪ್ರೀತಿಯ ಕಣ್ಣೆನ್ನಬಹುದೇ?

ಆಕೆ ಈ ಪ್ರಶ್ನೆ ಕೇಳಲಿಲ್ಲ. ಗಂಡ ಸರಿದು ಕೊಟ್ಟ ಜಾಗದಲ್ಲಿ ಕಾಲು ಚಾಚಿದರು. ಸುಬ್ರಹ್ಮಣ್ಯ ರೋಡ್ ಬರುವಷ್ಟರಲ್ಲಿ, ಊರಿಗೆ ಮರಳಿದ ಮೇಲೆ ಯಾವ ಡಾಕ್ಟರಿಗೆ ತೋರಿಸುವುದೆಂಬ ಮಾತು ಅವರಿಬ್ಬರಲ್ಲಿ ನಡೆದಿತ್ತು.