ಗಂಟಿಲ್ಲದ ದಾರ



ದರ್ಶನಕ್ಕೆ ಬರುವ ತಾಯಂದಿರ ಹಳೆಯ ಇಳಕಲ್ ಸೀರೆಗಳ ಸೆರಗು ನೋಡಿದ್ದೀರಾ? ಗೋಪುರ, ತೇರು, ಆನೆ, ತುಳಸಿಕಟ್ಟೆ, ನಂದಿ. ಗುಡಿಯಲ್ಲಿ ಕೈಮುಗಿದದ್ದನ್ನೇ ನಮ್ಮ ಧಾರವಾಡ ಸೀಮೆಯ ಹೆಣ್ಣುಮಕ್ಕಳು ಸೂಜಿ ದಾರದಿಂದ ಬಿಡಿಸಿ ಮೈಮೇಲೆ ಉಟ್ಟರು. ಅದೇ ಕಸೂತಿ.

ಇದರೊಳಗ ಒಂದು ಸಾಧನೆಯ ಮರ್ಮ ಐತಿ. ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಗಾವಂತಿ ಹೊಲಿಗೆಯಲ್ಲಿ ದಾರವು ಹೋಗುವಾಗ ನಡುನಡುವೆ ಜಾಗ ಬಿಟ್ಟು ಹೋಗುತ್ತದೆ, ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಮುರಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ತಾವು ಈ ಗುಡ್ಡ ಏರಿ ಬಂದಂತೆ. ಎರಡರಲ್ಲೂ ಗಂಟು ಹಾಕುವುದಿಲ್ಲ. ಸೀರೆ ತಿರುವಿ ನೋಡ್ರಿ, ಮುಂದಿನ ಚಿತ್ರವೇ ಹಿಂದೆಯೂ ಕಾಣುತ್ತದೆ. ಒಳಗೊಂದು ಹೊರಗೊಂದು ಇರಬಾರದು ಎಂದು ಶರಣರು ಹೇಳಿದ್ದನ್ನು ಓದುಬರಹ ಬಾರದ ಅಜ್ಜಿಯರು ಸೆರಗಿನಲ್ಲಿ ಮಾಡಿ ತೋರಿಸಿದರು. (ನೇಯ್ಗಿ, ಮೆಂತಿ ಎಂದು ಇನ್ನೆರಡು ಹೊಲಿಗೆಗಳಿವೆ, ಅವುಗಳ ರೀತಿ ಬೇರೆ.)

ಇಷ್ಟು ದೊಡ್ಡ ವಿದ್ಯೆ ಕೈಯಿಂದ ಕೈಗೆ ಬಂತೇ ಹೊರತು ಕಾಗದಕ್ಕೆ ಬಂದದ್ದು ಕಡಿಮೆ. ಅಜ್ಜಿ ಹೋದಳು ಅಂದರೆ ಎಣಿಕೆಯೂ ಹೋಯಿತು. ಸೀರೆಯೋ, ಸ್ಟೀಲ್ ಪಾತ್ರೆಯವನ ಗಂಟಿಗೆ. ಒಂದು ಡಬರಿ ಸಿಕ್ಕಿತಲ್ಲ ಅಂತ ನಮಗೆ ಸಂತೋಷ ಬೇರೆ!

ವಚನಗಳಿಗೂ ಇದೇ ಗತಿ ಬರುವುದಿತ್ತು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡಿಕೊಂಡು, ಊರೂರು ತಿರುಗಿ ತಾಡೋಲೆ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಈ ಕೆಲಸಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಮಗ್ಗದ ಮುಂದೆ ಕುಳಿತು ಬಟ್ಟೆ ನೇಯ್ದ ಜೇಡರ ದಾಸಿಮಯ್ಯನ ಮಾತನ್ನು ನಾವು ಇಂದು ಓದುತ್ತಿರುವುದು ಇಂಥ ಪುಣ್ಯಾತ್ಮರ ದೆಸೆಯಿಂದ. ವಚನಕ್ಕಾದರೂ ಅಂಕಿತ ಇತ್ತು. ‘ರಾಮನಾಥ’ ಅಂದರೆ ದಾಸಿಮಯ್ಯ ಅಂತ ಗುರುತು ಹತ್ತುತ್ತಿತ್ತು. ಕಸೂತಿಗೆ ಅಂಕಿತ ಎಲ್ಲಿಂದ ತರೋಣ? ಯಾವ ತಾಯಿ ಈ ತೇರಿನ ಎಳೆ ಎಣಿಸಿದಳೋ, ಹೇಳುವವರಿಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಸ್ತ್ರ ವಿಜ್ಞಾನ ಕಲಿತವರು ಕಸೂತಿಯ ಅಭ್ಯಾಸ ಮಾಡಿ ಬರೆದಿದ್ದಾರೆ, ಬಹಳ ಒಳ್ಳೆಯದು. ಆದರೆ ಪ್ರೊಫೆಸರರು ಎಲ್ಲರ ಮನೆಯ ಟ್ರಂಕು ತೆಗೆದು ನೋಡಲು ಆಗುತ್ತದೆಯೇ? ಅದು ನಮ್ಮ ಕೆಲಸ. ಮಕ್ಕಳ ಗಣಿತದ ಚೌಕಳಿ ನೋಟ್‌ಬುಕ್ ಸಾಕು. ಎಷ್ಟು ಎಳೆಗೆ ಒಂದು ಹೊಲಿಗೆ ಅಂತ ಸೀರೆಯ ಮೇಲೆ ಎಣಿಸಿ ಬರೆದುಕೊಂಡು, ಆಮೇಲೆ ಹೊಲಿಗೆಗೊಂದು ಚೌಕದಂತೆ ಚಿತ್ರ ಇಳಿಸ್ರಿ. ಬಣ್ಣ ಯಾವುದು, ಹೊಲಿಗೆ ಯಾವುದು, ಅದನ್ನೂ ಬರೀರಿ. ಅಜ್ಜಿ ಇದ್ದರೆ ಪಕ್ಕದಲ್ಲಿ ಕೂಡಿಸಿಕೊಂಡೇ ಬರೀರಿ, ತಪ್ಪಿದರೆ ಆಕೆ ತಲೆ ಮೇಲೆ ಮೊಟಕುತ್ತಾಳೆ.

ಹಿರಿಯರ ಪುಣ್ಯಸ್ಮರಣೆಗೆ ಸಣ್ಣ ಪುಸ್ತಕ ಅಚ್ಚು ಹಾಕಿಸಿ ಹಂಚುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಒಂದು ಸಲ ಅದರೊಳಗೆ ಆಕೆಯ ತೇರು, ಆಕೆಯ ಗೋಪುರ ಹಾಕಿಸ್ರಿ. ಚಿತ್ರದ ಕೆಳಗೆ ಹೊಲಿದವಳ ಹೆಸರು, ತವರೂರು ಇರಲಿ. ಪುಸ್ತಕ ಬಂದ ಮೇಲೆ ಒಂದು ಪ್ರತಿ ದೇವರ ಪಾದಕ್ಕೆ, ಒಂದು ಊರ ಶಾಲೆಗೆ.