ಐದು ತುಂಡುಗಳ ಧೈರ್ಯ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ಭರ್ತಿಯಾಗಿತ್ತು, ಸುಮಾರು 105 ಟಿಎಂಸಿ ಅಡಿ ನೀರು. 60 ಅಡಿ ಅಗಲದ ಕಿಂಡಿಗೆ ಬಾಗಿಲೇ ಇಲ್ಲ. ಕಟ್ಟೆಯ ಮೇಲಿನ ಒತ್ತಡ ತಗ್ಗಲೆಂದು ಉಳಿದ 32 ಗೇಟುಗಳನ್ನೂ ಎತ್ತಿ ನದಿಗೆ ನೀರು ಬಿಟ್ಟರು. ಕಂಪ್ಲಿ ಕಡೆಯ ಭತ್ತದ ರೈತರಿಗೆ ಎರಡು ಭಯ ಒಟ್ಟಿಗೇ ಬಂದವು: ಇವತ್ತು ಹೊಳೆ ಉಕ್ಕಿ ಸೇತುವೆ ಮುಳುಗೀತು, ನಾಳೆ ಕಾಲುವೆಗೆ ಹನಿ ನೀರೂ ಇಲ್ಲದಾದೀತು.

ಅಪಾಯವಿಲ್ಲದ ದಾರಿ ಒಂದಿತ್ತು. ಸುಮ್ಮನೆ ಕಾಯುವುದು. ನೀರು ಗೇಟಿನ ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಆರಾಮಾಗಿ ದುರಸ್ತಿ ಮಾಡಬಹುದಿತ್ತು. ಅದಕ್ಕೆ 60 ಟಿಎಂಸಿ ಅಡಿಯಷ್ಟು ನೀರು ಹರಿದುಹೋಗಬೇಕಿತ್ತು. ಯಾರ ತಲೆಯ ಮೇಲೂ ತಪ್ಪು ಬರುತ್ತಿರಲಿಲ್ಲ. ಬೆಳೆ ಮಾತ್ರ ಹೋಗುತ್ತಿತ್ತು.

ಆಗ ಬಂದವರು ಗೇಟು ತಜ್ಞ ಕನ್ನಯ್ಯ ನಾಯ್ಡು, ಎಂಬತ್ತರ ಹತ್ತಿರದ ಹಿರಿಯರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು, ಅಂದರೆ ಸ್ಟಾಪ್ ಲಾಗ್, ಇಳಿಸೋಣ ಎಂದರು. ಕೇಳಿದವರು ಹೌಹಾರಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಮಾತು ಆ ಗಳಿಗೆಯ ಆವೇಶದಿಂದ ಬಂದದ್ದಲ್ಲ. ಈಗ ಬಾಗಿಲು ಮುಚ್ಚಿರುವ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ ಅವರು ವರ್ಷಗಟ್ಟಲೆ ದುಡಿದಿದ್ದರು. ಅಣೆಕಟ್ಟಿನ ಗೇಟುಗಳೇ ಅವರ ಬದುಕು.

ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಧೈರ್ಯಕ್ಕಿಂತ ಆ ಧೈರ್ಯವನ್ನು ವಿಂಗಡಿಸಿದ ರೀತಿ. ಇಪ್ಪತ್ತು ಅಡಿ ಎತ್ತರದ ಗೇಟನ್ನು ಒಂದೇ ಏಟಿಗೆ ಇಳಿಸಲು ಹೋಗಲಿಲ್ಲ. ನಾಲ್ಕು ನಾಲ್ಕು ಅಡಿಯ ಐದು ತುಂಡುಗಳಾಗಿ ಮಾಡಿಸಿದರು. ಹೊಸಪೇಟೆ ಸುತ್ತಿನ ವರ್ಕ್‌ಶಾಪುಗಳೂ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯೂ ಹಗಲಿರುಳು ದುಡಿದವು. ಮೊದಲ ಯತ್ನದಲ್ಲಿ ತುಂಡು ಕೂರಲಿಲ್ಲ. ಕೂರದಿದ್ದರೆ ಆಗುವ ನಷ್ಟವೇನು? ಮೇಲೆತ್ತಿ, ಅಡ್ಡಿ ತೆಗೆದು, ಮತ್ತೆ ಇಳಿಸಬೇಕು, ಅಷ್ಟೆ. ಆಗಸ್ಟ್ 16ರ ಸಂಜೆ ಮೊದಲ ತುಂಡು ಕೂತಿತು. ಅದು ನಿಂತಿತೆಂದು ಖಾತ್ರಿಯಾದ ಮೇಲೆ ಮುಂದಿನದು. ಮರುದಿನದ ಹೊತ್ತಿಗೆ ಐದೂ ಕೂತು ಪೋಲಾಗುತ್ತಿದ್ದ ನೀರು ನಿಂತಿತು. ಸುಮಾರು 70 ಟಿಎಂಸಿ ಅಡಿ ನೀರು ಉಳಿಯಿತು. ಮುಂದಿನ ತಿಂಗಳು ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಗೇಟುಗಳಿಗೆ ದೋಣಿಗಳು ಬಡಿದಾಗ ಅಲ್ಲಿಗೂ ಇದೇ ನಾಯ್ಡು ಅವರನ್ನು ಕರೆಸಿಕೊಂಡರು.

ಅದೇ ತುಂಗಭದ್ರೆ ಹಂಪಿ, ಆನೆಗೊಂದಿ ಕಡೆ ಬಂಡೆಗಳ ನಡುವೆ ಹರಿಯುತ್ತದೆ. ಗೆಳೆಯರು ಮೊಬೈಲು ಹಿಡಿದು ಹುರಿದುಂಬಿಸುತ್ತಿರುವಾಗ ಬಂಡೆಯ ಮೇಲಿಂದ ಧುಮುಕಿ ಮೇಲೆ ಬಾರದೇ ಹೋದವರ ಸುದ್ದಿಯನ್ನು ಓದಿದ್ದೇವೆ. ಅದೂ ಸಾಹಸವೇ. ಆದರೆ ನೀರಿನ ಸೆಳವು ಗೊತ್ತಿಲ್ಲ, ತಳದ ಕಲ್ಲು ಗೊತ್ತಿಲ್ಲ. ತಪ್ಪಿದರೆ ಎರಡನೆಯ ಸಲ ಎಂಬುದೇ ಇಲ್ಲ. ‘ಹಿಂದೆಮುಂದೆ ನೋಡದೆ ಧುಮುಕಿ’ ಎಂದು ವೇದಿಕೆಯ ಮೇಲೆ ಕೂಗುವ ಭಾಷಣಕಾರರನ್ನು ಒಮ್ಮೆ ಈ ದಡಕ್ಕೆ ಕರೆತರಬೇಕು.

ನಾಯ್ಡು ಅವರಂತೆ ತುಂಡು ತುಂಡಾಗಿ ಧೈರ್ಯ ಮಾಡಿದವರು ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು, ಅವರ ಕಥೆ ಗೇಟಿನ ಕಥೆಯಷ್ಟು ಸದ್ದು ಮಾಡಲಿಲ್ಲ. ಕನ್ನಡಿ, ಕವಡೆ ಕೂರಿಸಿ ತಮ್ಮ ಉಡುಪಿಗೆಂದು ಹಾಕಿಕೊಳ್ಳುತ್ತಿದ್ದ ಕಸೂತಿಯನ್ನು ಪರವೂರಿನ ಗಿರಾಕಿಗೆ ಮಾರುವುದೆಂದರೆ ತಾಂಡಾದ ಹೆಂಗಸಿಗೆ ಸಣ್ಣ ಹೆಜ್ಜೆಯಲ್ಲ. ಸಂಡೂರು ಕುಶಲ ಕಲಾ ಕೇಂದ್ರದ ಆಸರೆ ಇತ್ತು, ನಿಜ. ಆದರೂ ಸೂಜಿ ಹಿಡಿದವರು ಅವರೇ. ಮನೆಗೆಲಸ ಬಿಟ್ಟು ಬಾ ಎಂದು ಕಸೂತಿ ಕೇಳಲಿಲ್ಲ. ಬಿಡುವಿನಲ್ಲಿ ಒಂದು ಬಟ್ಟೆ, ಅದು ಹೋದರೆ ಇನ್ನೊಂದು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂತು.

ನಮ್ಮಲ್ಲಿ ಬಹಳ ಮಂದಿ ಕಾಯುವುದನ್ನೇ ಜಾಣತನವೆಂದು ತಿಳಿದಿದ್ದೇವೆ. ಮಗಳ ಮದುವೆಯಾಗಲಿ, ಸಾಲ ತೀರಲಿ, ಬಡ್ತಿ ಬರಲಿ, ಆಮೇಲೆ ನೋಡೋಣ. ಹೀಗೆ ಕಾಯುವಾಗಲೂ ದಿನಾ ಏನೋ ಹರಿದುಹೋಗುತ್ತಿರುತ್ತದೆ, ಅಳೆಯುವ ಮಾಪಕವಿಲ್ಲದ್ದರಿಂದ ಕಾಣುವುದಿಲ್ಲ. ನಲವತ್ತರಲ್ಲಿ ಓದು ಮುಂದುವರಿಸಬೇಕೆಂದಿರುವವರು ಕೆಲಸ ಬಿಡಬೇಕಾಗಿಲ್ಲ, ಒಂದು ಪರೀಕ್ಷೆಗೆ ಕಟ್ಟಿ ನೋಡಬಹುದು. ಅಂಗಡಿ ಹಾಕುವ ಆಸೆಯುಳ್ಳವರು ಹೊಲ ಮಾರುವ ಮೊದಲು ಒಂದು ಸಂತೆಯಲ್ಲಿ ಕೂತು ಬರಬಹುದು.

ನೀವೂ ಹೀಗೇ ಮುಂದೂಡುತ್ತ ಬಂದ ಕೆಲಸ ಒಂದಿದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಒಂದು ಚೀಟಿ ತೆಗೆದುಕೊಳ್ಳಿ. ಅದರ ಮೊದಲ ತುಂಡು ಯಾವುದು, ಅದು ಕೂರದಿದ್ದರೆ ಕಳೆದುಕೊಳ್ಳುವುದೆಷ್ಟು ಎಂದು ಬರೆಯಿರಿ. ಆ ನಷ್ಟ ತಾಳಿಕೊಳ್ಳುವಂಥದ್ದಾದರೆ ನಾಳೆಯೇ ಶುರುಮಾಡಿ.